ಹೈಡ್ರೋಜನ್ ಕಾರು ನಮ್ಮ ಬಿಸಿಲಿಗೆ, ಧೂಳಿಗೆ ತಡೆಯುತ್ತದೆಯೇ?

ಪ್ರಶ್ನೆ: ವಿಜಯಪುರದಾಗ ನಮ್ಮದೊಂದು ಗ್ಯಾರೇಜ್ ಐತ್ರಿ. ಡೀಸೆಲ್, ಸಿಎನ್‌ಜಿ ಗಾಡಿ ಕೆಲಸ ಮಾಡ್ತೀವಿ. ಮಗ ಆಟೊಮೊಬೈಲ್ ಡಿಪ್ಲೊಮಾ ಕೊನೇ ವರ್ಷದಾಗ ಅದಾನ. ಹೈಡ್ರೋಜನ್ ಕಾರು ಬಂದ್ರ ಡೀಸೆಲ್ ಕೆಲಸ ನಿಂತು ಹೋಗತೈತಿ ಅಂತಾನ. ಆ ಕಾರು ನೀರಿನ ಮ್ಯಾಲೆ ಓಡೂದು ಖರೇ ಏನ್ರಿ? ಒಳಗ ಏನಿರತೈತಿ, ಏನು ಕೆಡತೈತಿ? ನಮ್ಮ ಬಿಸಿಲಿಗೆ, ಧೂಳಿಗೆ ತಡೀತೈತೇನು? ಸಿಎನ್‌ಜಿ ಸಿಲಿಂಡರ್‌ನಾಗ ಹೈಡ್ರೋಜನ್ ತುಂಬಾಕ ಬರತೈತೇನು? ನಾವು ಈಗ ಏನು ಕಲೀಬೇಕು?

ಉತ್ತರ: ಮೊದಲು ನೀರಿನ ಮಾತು ಮುಗಿಸೋಣ. ಹೈಡ್ರೋಜನ್ ಕಾರು ನೀರು ಕುಡಿದು ಓಡುವುದಿಲ್ಲ, ಓಡಿದ ಮೇಲೆ ನೀರು ಬಿಡುತ್ತದೆ. ಒಂದು ಕಿಲೋ ಹೈಡ್ರೋಜನ್ ಖರ್ಚಾದರೆ 9 ಕಿಲೋ ನೀರು ಆವಿಯಾಗಿ, ಹನಿಯಾಗಿ ಹೊರಬೀಳುತ್ತದೆ. ನೀರು ಅಂದರೆ ಆಗಲೇ ಉರಿದು ಮುಗಿದ ಹೈಡ್ರೋಜನ್. ಅದನ್ನು ಮತ್ತೆ ಒಡೆಯಲು ಹೊರಗಿನಿಂದ ಕರೆಂಟ್ ಕೊಡಬೇಕು, ಮತ್ತು ಕೊಟ್ಟಷ್ಟು ಎಂದೂ ವಾಪಸ್ ಬರುವುದಿಲ್ಲ.

ನೀರನ್ನು ಕರೆಂಟ್‌ನಿಂದ ಒಡೆದು ಆ ಗ್ಯಾಸನ್ನು ಎಂಜಿನ್‌ಗೆ ಬಿಟ್ಟು ಡೀಸೆಲ್ ಉಳಿಸುತ್ತದೆ ಎಂದು ಮಾರುಕಟ್ಟೆಯಲ್ಲಿ ಮಾರುವ ‘ಎಚ್‌ಎಚ್‌ಒ ಕಿಟ್’ ಬಗ್ಗೆ ನಿಮ್ಮ ಗಿರಾಕಿಗಳೂ ಕೇಳುತ್ತಿರಬೇಕು. ಅದರ ಲೆಕ್ಕ ಹೀಗಿದೆ. 12 ವೋಲ್ಟ್‌ನಲ್ಲಿ 20 ಆಂಪಿಯರ್ ಎಳೆಯುವ ಕಿಟ್ 240 ವ್ಯಾಟ್ ತಿನ್ನುತ್ತದೆ. ಚೆನ್ನಾಗಿ ಕಟ್ಟಿದ ದೊಡ್ಡ ಎಲೆಕ್ಟ್ರೊಲೈಸರ್‌ಗೇ (ಕರೆಂಟ್‌ನಿಂದ ನೀರು ಒಡೆಯುವ ಯಂತ್ರ) ಒಂದು ಕಿಲೋ ಹೈಡ್ರೋಜನ್ ತೆಗೆಯಲು 50ರಿಂದ 55 ಯೂನಿಟ್ ಬೇಕು. ಈ ಡಬ್ಬಿ ಅಷ್ಟೇ ಚೆನ್ನಾಗಿ ಕೆಲಸ ಮಾಡಿತು ಎಂದೇ ಇಟ್ಟುಕೊಂಡರೂ ಗಂಟೆಗೆ ಸಿಗುವುದು 5 ಗ್ರಾಂಗಿಂತ ಕಡಿಮೆ, ಅಂದರೆ ಸುಮಾರು 160 ವ್ಯಾಟ್‌ನಷ್ಟು ಇಂಧನ. ಅದೇ ಹೊತ್ತಿಗೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುವ ಡೀಸೆಲ್ ಕಾರು 4 ಲೀಟರ್ ಸುಟ್ಟರೆ ಅದು 40 ಕಿಲೋವ್ಯಾಟ್ ಇಂಧನ. ಕಿಟ್ ಕೊಡುವುದು ನೂರಕ್ಕೆ ಅರ್ಧ ಪಾಲೂ ಅಲ್ಲ. ಅದಕ್ಕಾಗಿ ಆಲ್ಟರ್ನೇಟರ್ ಎಂಜಿನ್‌ನಿಂದ ಕಿತ್ತುಕೊಳ್ಳುವ ಶಕ್ತಿಗೆ ಒಂದು ಕಿಲೋವ್ಯಾಟ್‌ಗೂ ಮೀರಿದ ಡೀಸೆಲ್ ಹೆಚ್ಚಿಗೆ ಉರಿಯುತ್ತದೆ. ಗಿರಾಕಿಗೆ ಈ ಲೆಕ್ಕವನ್ನೇ ಬರೆದು ತೋರಿಸಿ, ಕಿಟ್ ಕೂರಿಸಬೇಡಿ.

ಈಗ ನಿಜವಾದ ಫ್ಯೂಯಲ್ ಸೆಲ್ ಕಾರಿಗೆ, ಅಂದರೆ ಹೈಡ್ರೋಜನ್ನನ್ನು ಸುಡದೆ ಅದರಿಂದ ಕರೆಂಟ್ ತೆಗೆದು ಓಡುವ ಕಾರಿಗೆ ಬರೋಣ. ಅದರಲ್ಲಿ ಸಿಲಿಂಡರ್, ಪಿಸ್ಟನ್ ಇಲ್ಲ. ಬೆಂಕಿಯೂ ಇಲ್ಲ. ಹೃದಯಭಾಗದಲ್ಲಿರುವುದು ‘ಸ್ಟ್ಯಾಕ್’, ತೆಳ್ಳಗಿನ ಸೆಲ್‌ಗಳನ್ನು ಕಟಕ್ ರೊಟ್ಟಿಯಂತೆ ಒಂದರ ಮೇಲೊಂದು ಒಟ್ಟಿ ಎರಡೂ ತುದಿಯಿಂದ ಬಿಗಿದ ಪೆಟ್ಟಿಗೆ. ಎರಡನೇ ತಲೆಮಾರಿನ ಟೊಯೊಟಾ ಮಿರಾಯ್ ಕಾರಿನಲ್ಲಿ ಇಂಥ 330 ಸೆಲ್‌ಗಳಿವೆ, ಒಂದೊಂದರ ದಪ್ಪ ಸುಮಾರು 1.1 ಮಿ.ಮೀ. ಆ ಒಂದು ಮಿಲಿಮೀಟರ್ ಒಳಗೆ ಏನೇನಿದೆ ನೋಡಿ. ನಡುವೆ ಪ್ಲಾಸ್ಟಿಕ್ ಹಾಳೆಯಂಥ ಮೆಂಬ್ರೇನ್, ಅದರ ದಪ್ಪ ಮಿಲಿಮೀಟರ್‌ನ ನೂರನೇ ಒಂದು ಪಾಲಿನ ಆಸುಪಾಸು. ಅದರ ಎರಡೂ ಮೈಗೆ ಕಪ್ಪು ಲೇಪ: ಕಾರ್ಬನ್ ಪುಡಿಯ ಮೇಲೆ ಕೂರಿಸಿದ ಪ್ಲಾಟಿನಂ ಕಣಗಳು. ಅದರಾಚೆ ಎರಡೂ ಕಡೆ ಕಾರ್ಬನ್ ಎಳೆಯ ಕಾಗದ. ಅದಕ್ಕೂ ಹೊರಗೆ ಸಣ್ಣ ಸಣ್ಣ ಕಾಲುವೆ ಒತ್ತಿದ ಲೋಹದ ತಗಡು, ಅದರ ಹೆಸರು ಬೈಪೋಲಾರ್ ಪ್ಲೇಟ್. ಅಂಚಿಗೆ ಗ್ಯಾಸ್ಕೆಟ್.

ತಗಡಿನ ಒಂದು ಕಡೆಯ ಕಾಲುವೆಯಲ್ಲಿ ಹೈಡ್ರೋಜನ್, ಇನ್ನೊಂದು ಕಡೆ ಗಾಳಿ ಹರಿಯುತ್ತದೆ. ಪ್ಲಾಟಿನಂ ಮುಟ್ಟಿದ ಹೈಡ್ರೋಜನ್ ಪ್ರೋಟಾನ್ ಮತ್ತು ಎಲೆಕ್ಟ್ರಾನ್ ಆಗಿ ಒಡೆಯುತ್ತದೆ. ಮೆಂಬ್ರೇನ್ ಪ್ರೋಟಾನ್‌ಗೆ ಮಾತ್ರ ದಾರಿ ಬಿಡುತ್ತದೆ. ಎಲೆಕ್ಟ್ರಾನ್ ಹೊರಗಿನ ತಂತಿಯಲ್ಲಿ ಸುತ್ತಿಕೊಂಡು ಬರಬೇಕು, ಆ ಸುತ್ತಾಟವೇ ಕರೆಂಟ್. ಆಚೆ ಬದಿಯಲ್ಲಿ ಎರಡೂ ಆಮ್ಲಜನಕದ ಜೊತೆ ಸೇರಿ ನೀರಾಗುತ್ತವೆ. ಒಂದು ಸೆಲ್ ಲೋಡ್ ಮೇಲೆ ಕೊಡುವುದು 0.6ರಿಂದ 0.7 ವೋಲ್ಟ್ ಅಷ್ಟೆ. 330 ಸೆಲ್ ಸಾಲಾಗಿ ಸೇರಿದಾಗ 200 ವೋಲ್ಟ್ ದಾಟುತ್ತದೆ. ಅದನ್ನು ಬೂಸ್ಟ್ ಕನ್ವರ್ಟರ್ 650 ವೋಲ್ಟ್‌ವರೆಗೆ ಏರಿಸಿ ಮೋಟಾರ್‌ಗೆ ಕೊಡುತ್ತದೆ. ಅಲ್ಲಿಂದ ಮುಂದೆ ಅದು ಪೂರ್ತಿ ಎಲೆಕ್ಟ್ರಿಕ್ ಕಾರು: ಇನ್ವರ್ಟರ್, ಮೋಟಾರ್, ಕಿತ್ತಳೆ ಬಣ್ಣದ ಕೇಬಲ್, ಜೊತೆಗೊಂದು ಸಣ್ಣ ಬ್ಯಾಟರಿ. ಈ ಮಾತು ನೆನಪಿಡಿ, ಮಗ ಏನು ಕಲಿಯಬೇಕು ಎಂಬುದಕ್ಕೆ ಉತ್ತರ ಇದರಲ್ಲೇ ಇದೆ.

ಈ ವಿದ್ಯೆ ಹೊಸದಲ್ಲ. ಬ್ರಿಟನ್ನಿನ ವಿಲಿಯಂ ಗ್ರೋವ್ 1839ರ ಹೊತ್ತಿಗೇ ಹೈಡ್ರೋಜನ್ ಮತ್ತು ಆಮ್ಲಜನಕದಿಂದ ಕರೆಂಟ್ ತೆಗೆದಿದ್ದ. 1966ರಲ್ಲಿ ಜನರಲ್ ಮೋಟಾರ್ಸ್ ಕಟ್ಟಿದ ಎಲೆಕ್ಟ್ರೊವ್ಯಾನ್‌ನಲ್ಲಿ ಫ್ಯೂಯಲ್ ಸೆಲ್, ಟ್ಯಾಂಕ್, ಪೈಪುಗಳೇ ವ್ಯಾನನ್ನು ತುಂಬಿಬಿಟ್ಟವು, ಜನ ಕೂರಲು ಮುಂದಿನ ಸೀಟಷ್ಟೇ ಉಳಿಯಿತು. 1994ರ ಡೈಮ್ಲರ್ ನೆಕಾರ್ ವ್ಯಾನ್‌ನದೂ ಅದೇ ಕಥೆ. 2002ರಲ್ಲಿ ಹೋಂಡಾ ಎಫ್‌ಸಿಎಕ್ಸ್ ಬಾಡಿಗೆಗೆ ಬಂತು, 2013ರಲ್ಲಿ ಹ್ಯುಂಡೈ, 2014ರ ಡಿಸೆಂಬರ್‌ನಲ್ಲಿ ಮಿರಾಯ್. ಮೊದಲ ಮಿರಾಯ್ 370 ಸೆಲ್‌ನಿಂದ 114 ಕಿಲೋವ್ಯಾಟ್ ತೆಗೆದರೆ 2020ರ ಮಿರಾಯ್ 330 ಸೆಲ್‌ನಿಂದ 128 ಕಿಲೋವ್ಯಾಟ್ ತೆಗೆಯಿತು. ನಮ್ಮ ಪಕ್ಕದ ಪುಣೆಯಲ್ಲಿ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಮತ್ತು ಕೆಪಿಐಟಿ ಕಂಪನಿ ಸೇರಿ 2020ರಲ್ಲಿ ದೇಶದಲ್ಲೇ ತಯಾರಾದ 10 ಕಿಲೋವ್ಯಾಟ್ ಸ್ಟ್ಯಾಕ್ ಕೂರಿಸಿದ ಕಾರು ಓಡಿಸಿದವು. 2022ರ ಮಾರ್ಚ್‌ನಲ್ಲಿ ಮಿರಾಯ್ ಕೂಡ ನಮ್ಮ ರಸ್ತೆಗಳಲ್ಲಿ ಪರೀಕ್ಷೆಗೆ ಇಳಿಯಿತು. ಹಾಗಾಗಿ ‘ಈ ಕಾರು ಓಡುತ್ತದೆಯೇ’ ಎಂಬ ಪ್ರಶ್ನೆ ಎಂದೋ ಬಗೆಹರಿದಿದೆ. ಬಗೆಹರಿಯದೆ ಉಳಿದಿರುವುದು ಅದಕ್ಕೆ ಬೇಕಾದಷ್ಟು ಚೊಕ್ಕ ಹೈಡ್ರೋಜನ್ ಎಲ್ಲಿಂದ ಬರಬೇಕು, ಯಾವ ಬೆಲೆಗೆ ಎಂಬುದು.

ಚೊಕ್ಕ ಎಂಬ ಮಾತನ್ನು ಒತ್ತಿ ಹೇಳಬೇಕು. ಡೀಸೆಲ್ ಎಂಜಿನ್ ಕಲಬೆರಕೆಯನ್ನೂ ಒಂದಷ್ಟು ದಿನ ಸಹಿಸಿಕೊಂಡು ಓಡುತ್ತದೆ. ಫ್ಯೂಯಲ್ ಸೆಲ್‌ಗೆ ಆ ಸಹನೆ ಇಲ್ಲ. ವಾಹನಕ್ಕೆ ಹಾಕುವ ಹೈಡ್ರೋಜನ್ 99.97 ಶೇಕಡಾ ಶುದ್ಧ ಇರಬೇಕು ಎನ್ನುತ್ತದೆ ಐಎಸ್‌ಒ 14687 ಮಾನದಂಡ. ಉಳಿದ 0.03ರಲ್ಲೂ ಏನಿರಬಹುದು ಎಂಬುದಕ್ಕೆ ಬಿಗಿಯಾದ ಮಿತಿ ಇದೆ. ಕಾರ್ಬನ್ ಮಾನಾಕ್ಸೈಡ್ ಒಂದು ಕೋಟಿ ಪಾಲಿನಲ್ಲಿ 2 ಪಾಲು ಮೀರಬಾರದು, ಅಮೋನಿಯಾ ಒಂದು ಕೋಟಿಯಲ್ಲಿ 1, ಗಂಧಕ ನೂರು ಕೋಟಿಯಲ್ಲಿ 4. ಕಾರ್ಬನ್ ಮಾನಾಕ್ಸೈಡ್ ಪ್ಲಾಟಿನಂಗೆ ಅಂಟಿ ಹೈಡ್ರೋಜನ್‌ಗೆ ಜಾಗವೇ ಬಿಡುವುದಿಲ್ಲ. ಶುದ್ಧ ಗ್ಯಾಸ್ ಹರಿಸಿದರೆ ಬಹುಪಾಲು ಬಿಟ್ಟುಕೊಳ್ಳುತ್ತದೆ. ಗಂಧಕ ಹಾಗಲ್ಲ, ಒಮ್ಮೆ ಹಿಡಿದರೆ ಸುಲಭಕ್ಕೆ ಬಿಡದು. ಅಮೋನಿಯಾ ಮೆಂಬ್ರೇನ್ ಒಳಗೇ ಹೊಕ್ಕು ಪ್ರೋಟಾನ್ ಓಡಾಡುವ ದಾರಿ ಕಟ್ಟುತ್ತದೆ.

ಇದು ನಮ್ಮ ಭಾಗಕ್ಕೆ ನೇರವಾಗಿ ಸಂಬಂಧಿಸಿದ ವಿಷಯ. ಮುಧೋಳ, ಜಮಖಂಡಿ, ಗೋಕಾಕ, ಅಥಣಿ ಸುತ್ತ ಸಕ್ಕರೆ ಕಾರ್ಖಾನೆಗಳಿವೆ, ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿ ಅಂದರೆ ಪ್ರೆಸ್‌ಮಡ್ ಇದೆ, ಅದರಿಂದ ಬಯೋಗ್ಯಾಸ್ ಬರುತ್ತದೆ, ಬಯೋಗ್ಯಾಸ್‌ನಿಂದ ಹೈಡ್ರೋಜನ್ ತೆಗೆಯಬಹುದು. ಎಲ್ಲವೂ ನಿಜ. ಆದರೆ ಕಚ್ಚಾ ಬಯೋಗ್ಯಾಸ್‌ನಲ್ಲಿ ಹೈಡ್ರೋಜನ್ ಸಲ್ಫೈಡ್ ಹತ್ತು ಲಕ್ಷಕ್ಕೆ ಸಾವಿರಗಟ್ಟಲೆ ಪಾಲು ಇರುವುದುಂಟು. ಅಲ್ಲಿಂದ ನೂರು ಕೋಟಿಗೆ 4 ಪಾಲಿಗೆ ಇಳಿಸಬೇಕೆಂದರೆ ಗಂಧಕ ತೆಗೆಯುವ ಹಂತ, ಉಗಿಯ ಜೊತೆ ಒಡೆಯುವ ರಿಫಾರ್ಮರ್, ಕೊನೆಗೆ ಒತ್ತಡ ಏರಿಳಿಸಿ ಸೋಸುವ ಪಿಎಸ್‌ಎ ಘಟಕ, ಎಲ್ಲವೂ ಸರಿಯಾಗಿ ನಡೆಯಬೇಕು. ಒಂದು ದಿನ ಒಂದು ಹಂತ ತಪ್ಪಿದರೂ ಆ ಪಂಪಿನಲ್ಲಿ ತುಂಬಿಸಿಕೊಂಡ ಅಷ್ಟೂ ಗಾಡಿಗಳ ಸ್ಟ್ಯಾಕ್ ಪೆಟ್ಟು ತಿನ್ನುತ್ತದೆ. ಪ್ರೆಸ್‌ಮಡ್ ಗ್ಯಾಸನ್ನು ಸಿಎನ್‌ಜಿ ದರ್ಜೆಗೆ ಸೋಸಿ ಹಾಗೆಯೇ ಗಾಡಿಗೆ ಹಾಕುವುದು ಇವತ್ತಿಗೆ ಜಾಣತನ.

ಗಾಳಿಯ ಕಡೆಯೂ ಅಷ್ಟೇ ಎಚ್ಚರ ಬೇಕು. ಒಂದು ಕಿಲೋ ಹೈಡ್ರೋಜನ್‌ಗೆ ಲೆಕ್ಕದ ಪ್ರಕಾರ 34 ಕಿಲೋ ಗಾಳಿ ಸಾಕು, ಆದರೆ ಸೆಲ್ ಉಸಿರುಕಟ್ಟದಂತೆ ಅದರ ಒಂದೂವರೆಯಿಂದ ಎರಡು ಪಟ್ಟು ಹಾಯಿಸಬೇಕು. ಒಂದು ಕಿಲೋದಲ್ಲಿ ಕಾರು ಸುಮಾರು 100 ಕಿ.ಮೀ. ಓಡುತ್ತದೆ. ಅಂದರೆ ವಿಜಯಪುರದಿಂದ ಸೋಲಾಪುರ ಮುಟ್ಟುವಷ್ಟರಲ್ಲಿ 60 ಕಿಲೋ ಗಾಳಿ ಆ ಸಣ್ಣ ಕಾಲುವೆಗಳ ಮೂಲಕ ಹಾಯುತ್ತದೆ. ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆಯ ಧೂಳು, ಮುಂದಿನ ಟ್ರ್ಯಾಕ್ಟರ್ ಹೊಗೆಯಲ್ಲಿನ ಗಂಧಕ ಮತ್ತು ನೈಟ್ರೋಜನ್ ಆಕ್ಸೈಡ್, ಗೊಬ್ಬರ ಹಾಕಿದ ಹೊಲದಿಂದೇಳುವ ಅಮೋನಿಯಾ ಎಲ್ಲವೂ ಆ ಗಾಳಿಯಲ್ಲೇ ಇರುತ್ತವೆ. ಅದಕ್ಕೇ ಈ ಕಾರಿನ ಏರ್ ಫಿಲ್ಟರ್‌ನಲ್ಲಿ ಧೂಳು ತಡೆಯುವ ಪದರದ ಜೊತೆಗೆ ಅನಿಲ ಹೀರುವ ಇದ್ದಿಲಿನ ಪದರವೂ ಇರುತ್ತದೆ. ನೋಡಲು ಇದೂ ಡೀಸೆಲ್ ಗಾಡಿಯ ಫಿಲ್ಟರ್‌ನಂತೆಯೇ. ಏರ್ ಗನ್‌ನಿಂದ ಊದಿ ಮತ್ತೆ ಹಾಕುವ ನಮ್ಮ ರೂಢಿ ಇಲ್ಲಿ ನಡೆಯುವುದಿಲ್ಲ: ಧೂಳು ಹಾರಬಹುದು, ಇದ್ದಿಲು ಹೀರಿಕೊಂಡದ್ದು ಹಾರುವುದಿಲ್ಲ. ನಮ್ಮ ರಸ್ತೆಗಳಲ್ಲಿ ಕಂಪನಿ ಹೇಳಿದ್ದಕ್ಕಿಂತ ಬೇಗ ಬದಲಿಸಬೇಕಾದೀತು. ಗಾಳಿ ತಳ್ಳುವ ಕಂಪ್ರೆಸರ್ ನಿಮಿಷಕ್ಕೆ ಒಂದು ಲಕ್ಷ ಸುತ್ತಿನ ಆಸುಪಾಸು ತಿರುಗುವಂಥದ್ದು. ಆಯಿಲ್ ಆವಿ ಸೆಲ್‌ಗೆ ಹೋಗಬಾರದೆಂದು ಗಾಳಿಯ ಪದರದ ಮೇಲೇ ತೇಲುವ ಬೇರಿಂಗ್ ಹಾಕಿರುತ್ತಾರೆ. ಅದಕ್ಕೆ ಗ್ರೀಸ್ ಹಚ್ಚುವ ಪ್ರಶ್ನೆಯೇ ಇಲ್ಲ.

ಗ್ಯಾರೇಜಿನವರು ಹೆಚ್ಚು ಮೋಸಹೋಗಬಹುದಾದ ಜಾಗ ಕೂಲಂಟ್. ಸ್ಟ್ಯಾಕ್‌ನ ತಗಡುಗಳ ನಡುವೆ ಹರಿಯುವ ಕೂಲಂಟ್ ನೂರಾರು ವೋಲ್ಟ್ ಇರುವ ಲೋಹವನ್ನು ನೇರವಾಗಿ ಮುಟ್ಟುತ್ತದೆ. ಆದ್ದರಿಂದ ಅದು ಕರೆಂಟ್ ಹಾಯಿಸಬಾರದು. ವಾಹಕತೆ ಸೆಂಟಿಮೀಟರ್‌ಗೆ 5 ಮೈಕ್ರೋಸೀಮೆನ್ಸ್ ಒಳಗಿರಬೇಕು. ನಮ್ಮ ಬೋರ್‌ವೆಲ್ ನೀರು ಸಾವಿರದ ಆಚೀಚೆ ಇರುವುದು ಸಾಮಾನ್ಯ. ಅಂಗಡಿಯ ಹಸಿರು ಕೂಲಂಟ್‌ನಲ್ಲೂ ತುಕ್ಕು ತಡೆಯಲೆಂದು ಉಪ್ಪಿನಂಶ ಹಾಕಿರುತ್ತಾರೆ. ರೇಡಿಯೇಟರ್ ಕಡಿಮೆಯಾಯಿತೆಂದು ಅರ್ಧ ಲೀಟರ್ ಸುರಿದರೆ ಸಾಕು, ಹೈವೋಲ್ಟೇಜ್ ಮತ್ತು ಬಾಡಿ ನಡುವಿನ ಇನ್ಸುಲೇಷನ್ ಕುಸಿದು ಕಾರು ಸ್ಟಾರ್ಟ್ ಆಗುವುದನ್ನೇ ನಿರಾಕರಿಸುತ್ತದೆ. ಕೂಲಂಟ್ ದಾರಿಯಲ್ಲಿ ಉಪ್ಪು ಹಿಡಿಯುವ ಅಯಾನ್ ಫಿಲ್ಟರ್ ಎಂಬ ಡಬ್ಬಿ ಇರುತ್ತದೆ. ಕಾಲಕಾಲಕ್ಕೆ ಬದಲಿಸುವ ಭಾಗ ಅದು. ಹೊಸ ರೇಡಿಯೇಟರ್ ಕೂರಿಸಿದರೂ ಮೊದಲು ಡಿಅಯಾನೈಸ್ಡ್ ನೀರಿನಿಂದ (ಉಪ್ಪಿನಂಶ ಪೂರ್ತಿ ತೆಗೆದ ನೀರು) ತೊಳೆದು, ವಾಹಕತೆ ಅಳೆದು, ಆಮೇಲೆ ಜೋಡಿಸಬೇಕು. ಬ್ರೇಜಿಂಗ್ ಮಾಡುವಾಗ ಉಳಿದ ಫ್ಲಕ್ಸ್ ಒಂದೇ ಸಾಕು, ಮೀಟರ್ ಏರಲು.

ಇನ್ನು ಬಿಸಿಲು. ಫ್ಯೂಯಲ್ ಸೆಲ್ ಕಾರಿಗೆ ವಿಜಯಪುರದ ಏಪ್ರಿಲ್ ತಿಂಗಳು ಲೇಹ್‌ನ ಜನವರಿಯಷ್ಟೇ ಕಠಿಣ ಪರೀಕ್ಷೆ. ಡೀಸೆಲ್ ಎಂಜಿನ್‌ನ ಬಿಸಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಸೈಲೆನ್ಸರ್‌ನಿಂದಲೇ ಹೊರಟುಹೋಗುತ್ತದೆ. ಫ್ಯೂಯಲ್ ಸೆಲ್‌ನ ಹೊಗೆನಳಿಗೆಯಿಂದ ಹೋಗುವ ಬಿಸಿ ಬಹಳ ಕಡಿಮೆ, ಬಹುಪಾಲು ರೇಡಿಯೇಟರ್ ಮೂಲಕವೇ ಹೋಗಬೇಕು. 100 ಕಿಲೋವ್ಯಾಟ್ ಕರೆಂಟ್ ಕೊಡುವಾಗ ಸ್ಟ್ಯಾಕ್ ಹತ್ತಿರ ಹತ್ತಿರ ಅಷ್ಟೇ ಬಿಸಿಯನ್ನೂ ಹುಟ್ಟಿಸುತ್ತದೆ. ಮೇಲಾಗಿ ಅದರ ಕೂಲಂಟ್ 80 ಡಿಗ್ರಿ ಸುತ್ತಮುತ್ತ ಇರಬೇಕು. ಹೊರಗೆ 42 ಇದ್ದರೆ ವ್ಯತ್ಯಾಸ 38 ಮಾತ್ರ. 95 ಡಿಗ್ರಿಯಲ್ಲಿ ಓಡುವ ಡೀಸೆಲ್‌ಗೆ 53 ಸಿಗುತ್ತದೆ. ಅಷ್ಟೇ ಬಿಸಿ ಹೊರಹಾಕಲು ಸುಮಾರು ಒಂದೂವರೆ ಪಟ್ಟು ರೇಡಿಯೇಟರ್ ಬೇಕು ಎಂದು ಇದರಿಂದಲೇ ಗೊತ್ತಾಗುತ್ತದೆ. ಸಮತಟ್ಟಾದ ಹೆದ್ದಾರಿಯಲ್ಲಿ ತೊಂದರೆಯಿಲ್ಲ. ಗಾಡಿ ತುಂಬ ಜನ ಕೂತು, ಏಸಿ ಹಾಕಿ ಚೋರ್ಲಾ ಘಾಟ್ ಏರುವಾಗ ಕಂಟ್ರೋಲರ್ ಸ್ಟ್ಯಾಕ್‌ನ ಶಕ್ತಿ ತಗ್ಗಿಸಿ ಬ್ಯಾಟರಿಯನ್ನು ನೆಚ್ಚಿಕೊಳ್ಳುತ್ತದೆ. ಬ್ಯಾಟರಿ ಚಿಕ್ಕದು, ಬೇಗ ಬರಿದಾಗುತ್ತದೆ. ಪಿಕಪ್ ಕಡಿಮೆಯಾಗಿದೆ ಎಂದು ಗಿರಾಕಿ ದೂರು ತಂದರೆ ಸ್ಟ್ಯಾಕ್ ಬಿಚ್ಚುವ ಮೊದಲು ರೇಡಿಯೇಟರ್ ಜಾಲಿಯಲ್ಲಿ ಕಬ್ಬಿನ ರವದಿ ಸಿಕ್ಕಿದೆಯೇ ನೋಡಿ.

ಒಣ ಹವೆಯ ಕಾಟವೂ ಇದೆ. ಮೆಂಬ್ರೇನ್ ತೇವವಾಗಿದ್ದರೆ ಮಾತ್ರ ಪ್ರೋಟಾನ್ ಹಾಯುತ್ತದೆ. ಒಣಗಿದರೆ ತಡೆ ಹೆಚ್ಚಿ, ಮತ್ತೂ ಬಿಸಿಯಾಗಿ, ಸೂಜಿಮೊನೆಯಷ್ಟು ತೂತು ಬೀಳಬಹುದು. ತೇವ ಅತಿಯಾದರೆ ಹನಿಗಳು ಕಾಲುವೆ ಮುಚ್ಚುತ್ತವೆ, ಆ ಸೆಲ್‌ಗೆ ಹೈಡ್ರೋಜನ್ ಮುಟ್ಟುವುದಿಲ್ಲ. ಸೆಲ್‌ಗಳು ಸಾಲಿನಲ್ಲಿರುವುದರಿಂದ ಉಳಿದ 329 ಸೆಲ್‌ಗಳ ಕರೆಂಟ್ ಅದರ ಮೂಲಕವೇ ಬಲವಂತವಾಗಿ ಹಾಯುತ್ತದೆ. ಆಗ ಅದರ ವೋಲ್ಟೇಜ್ ತಿರುಗುಮುರುಗಾಗಿ ಪ್ಲಾಟಿನಂ ಹೊತ್ತ ಕಾರ್ಬನ್ನೇ ಸವೆದುಹೋಗುತ್ತದೆ. ಇದನ್ನು ತಡೆಯಲು ಸೆಲ್‌ಗಳ ವೋಲ್ಟೇಜ್ ಕಾಯುವ ಸರ್ಕ್ಯೂಟ್, ಹೈಡ್ರೋಜನ್ ಮತ್ತೆ ಮತ್ತೆ ತಿರುಗಿಸುವ ಪಂಪ್ ಅಥವಾ ಇಜೆಕ್ಟರ್, ಗಾಳಿ ಕಡೆಯಿಂದ ನುಸುಳಿ ಬಂದ ನೈಟ್ರೋಜನ್ನನ್ನು ಆಗಾಗ ಹೊರಗೂದುವ ಪರ್ಜ್ ವಾಲ್ವ್ ಇರುತ್ತವೆ. ಪರ್ಜ್ ವಾಲ್ವ್ ಕಚ್ಚಿಕೊಂಡರೆ ಗಾಡಿ ಮೊದಲು ಲೋಡ್‌ನಲ್ಲಿ ಮುಕ್ಕರಿಸುತ್ತದೆ, ಆಮೇಲೆ ಸೆಲ್ ಹಾಳಾಗುತ್ತದೆ. ಸಣ್ಣ ಭಾಗ, ದೊಡ್ಡ ನಷ್ಟ. ಪದೇ ಪದೇ ಆನ್-ಆಫ್ ಮಾಡುವುದೂ ಸ್ಟ್ಯಾಕ್ ಆಯುಷ್ಯ ತಿನ್ನುತ್ತದೆ. ಬಂದ್ ಮಾಡಿದ ಮೇಲೆ ಹೈಡ್ರೋಜನ್ ಬದಿಗೆ ಗಾಳಿ ಸೇರಿ, ಮತ್ತೆ ಸ್ಟಾರ್ಟ್ ಮಾಡುವ ಗಳಿಗೆಯಲ್ಲಿ ಕಾರ್ಬನ್ ಸವೆಯುತ್ತದೆ. ಹಾಗಾಗಿ ಕೀ ತೆಗೆದ ಮೇಲೂ ಕಾರು ಒಂದಷ್ಟು ಹೊತ್ತು ಗುಂಯ್‌ಗುಟ್ಟುತ್ತಿದ್ದರೆ ಬ್ಯಾಟರಿ ಟರ್ಮಿನಲ್ ಕೀಳಬೇಡಿ, ಅದು ತನ್ನ ಕೆಲಸ ಮುಗಿಸಿಕೊಳ್ಳುತ್ತಿರುತ್ತದೆ.

ಸಿಎನ್‌ಜಿ ಸಿಲಿಂಡರ್‌ನಲ್ಲಿ ಹೈಡ್ರೋಜನ್ ತುಂಬುವ ಮಾತಿಗೆ ಒಂದೇ ಉತ್ತರ: ಬೇಡ. ಯಾರು ಎಷ್ಟು ಕೊಟ್ಟರೂ ಬೇಡ. ಸಿಎನ್‌ಜಿ 200 ಬಾರ್ ಒತ್ತಡದ್ದು, ಹೈಡ್ರೋಜನ್ ಕಾರಿನದು 700 ಬಾರ್. ಗಟ್ಟಿ ಉಕ್ಕಿನೊಳಗೆ ಹೈಡ್ರೋಜನ್ ಪರಮಾಣು ನುಗ್ಗಿ ಅದನ್ನು ಪೆಡಸು ಮಾಡುತ್ತದೆ, ಕಣ್ಣಿಗೆ ಕಾಣದ ಬಿರುಕು ಪ್ರತಿ ಬಾರಿ ತುಂಬಿದಾಗಲೂ ಬೆಳೆಯುತ್ತದೆ. ರೆಗ್ಯುಲೇಟರ್, ಓ-ರಿಂಗ್, ಫಿಟ್ಟಿಂಗ್ ಯಾವುದೂ ಅದಕ್ಕೆಂದು ಮಾಡಿದ್ದಲ್ಲ. ಹೈಡ್ರೋಜನ್ ಕಾರಿನ ಟ್ಯಾಂಕ್ ಅಂದರೆ ಒಳಗೆ ಗಟ್ಟಿ ಪ್ಲಾಸ್ಟಿಕ್ ಲೈನರ್, ಅದರ ಮೇಲೆ ರಾಳದಲ್ಲಿ ನೆನೆಸಿದ ಕಾರ್ಬನ್ ಫೈಬರ್ ಪದರ ಪದರವಾಗಿ ಸುತ್ತಿದ ಹೊದಿಕೆ. ಮೊದಲ ಮಿರಾಯ್‌ನಲ್ಲಿ 5 ಕಿಲೋ ಹೈಡ್ರೋಜನ್ ಹಿಡಿಯಲು ಸುಮಾರು 90 ಕಿಲೋ ತೂಕದ ಟ್ಯಾಂಕ್ ಬೇಕಾಯಿತು. ನಮ್ಮಲ್ಲಿ ಫ್ಯೂಯಲ್ ಸೆಲ್ ವಾಹನದ ಸುರಕ್ಷತೆಗೆ ಎಐಎಸ್-157 ಮಾನದಂಡವಿದೆ, ಸಿಲಿಂಡರ್‌ಗೆ ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ) ಒಪ್ಪಿಗೆ ಬೇಕು. ಟ್ಯಾಂಕ್ ಬಾಯಲ್ಲಿ 110 ಡಿಗ್ರಿ ಸುಮಾರಿಗೆ ಕರಗಿ ತೆರೆದುಕೊಳ್ಳುವ ಸುರಕ್ಷಾ ವಾಲ್ವ್ ಇರುತ್ತದೆ. ಬೆಂಕಿ ಬಿದ್ದರೆ ಟ್ಯಾಂಕ್ ಸಿಡಿಯುವ ಮೊದಲೇ ಗ್ಯಾಸ್ ಹೊರಹೋಗಲಿ ಎಂದು. ಟ್ಯಾಂಕ್ ಮೈ 85 ಡಿಗ್ರಿ ದಾಟಬಾರದು. ಪೇಂಟ್ ಬೂತ್‌ನಲ್ಲಿ ಒಣಗಿಸುವವರು, ಚಾಸಿಸ್‌ಗೆ ವೆಲ್ಡಿಂಗ್ ಮಾಡುವವರು ಇದನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಕು.

ಗ್ಯಾಸ್ ತುಂಬುವುದು ಎಲ್ಲಿ? 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ 19,744 ಕೋಟಿ ರೂಪಾಯಿಯ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ ಒಪ್ಪಿತು. ಅದರಡಿ 2025ರ ಮಾರ್ಚ್‌ನಲ್ಲಿ ಐದು ಪ್ರಾಯೋಗಿಕ ಯೋಜನೆ ಮಂಜೂರಾದವು: 37 ಬಸ್ಸು ಮತ್ತು ಲಾರಿ, 9 ತುಂಬುವ ಕೇಂದ್ರ. ಕಾರು ಒಂದೂ ಇಲ್ಲ. ಈ ಗಾಡಿಗಳಿಗೆ ಗೊತ್ತುಮಾಡಿದ ಹತ್ತು ಮಾರ್ಗಗಳಲ್ಲಿ ಕರ್ನಾಟಕದ್ದು ಇಲ್ಲ, ನಮಗೆ ಹತ್ತಿರದ್ದು ಪುಣೆ–ಮುಂಬೈ. ಬೆಳಗಾವಿಯವರಿಗೇ ಪುಣೆ 340 ಕಿ.ಮೀ. ದೂರ. ಪಂಪ್ ಕಟ್ಟುವುದೂ ಹಗುರ ಕೆಲಸವಲ್ಲ. ಮೂರು-ನಾಲ್ಕು ನಿಮಿಷದಲ್ಲಿ 700 ಬಾರ್ ತುಂಬುವಾಗ ಟ್ಯಾಂಕ್ ಒಳಗೆ ಬಿಸಿ ಏರುತ್ತದೆ. ಅದನ್ನು ಹಿಡಿತದಲ್ಲಿಡಲು ಗ್ಯಾಸನ್ನು ಮೊದಲೇ ಸೊನ್ನೆಗಿಂತ 40 ಡಿಗ್ರಿ ಕೆಳಕ್ಕೆ ತಂಪು ಮಾಡಿರಬೇಕು. ನಮ್ಮ ಬೇಸಿಗೆಯಲ್ಲಿ ಆ ಚಿಲ್ಲರ್‌ನ ಕರೆಂಟ್ ಬಿಲ್ಲೇ ದೊಡ್ಡದಾದೀತು. ತೇವದ ಹವೆಯಲ್ಲಿ ನಾಝಲ್ ಕಾರಿಗೆ ಹಿಮಗಟ್ಟಿ ಅಂಟಿಕೊಳ್ಳುವುದೂ ಉಂಟು. ಎಳೆದಾಡಬಾರದು, ಕರಗುವವರೆಗೆ ಕಾಯಬೇಕು. 2019ರ ಜೂನ್‌ನಲ್ಲಿ ನಾರ್ವೆಯ ಸಾಂಡ್ವಿಕಾದಲ್ಲಿ ಒಂದು ಕೇಂದ್ರ ಸ್ಫೋಟಗೊಂಡಿತು. ತನಿಖೆಯಲ್ಲಿ ಸಿಕ್ಕ ಕಾರಣ: ಅಧಿಕ ಒತ್ತಡದ ಟ್ಯಾಂಕ್‌ನ ಪ್ಲಗ್‌ನ ಬೋಲ್ಟ್‌ಗಳನ್ನು ಸರಿಯಾದ ಟಾರ್ಕ್‌ಗೆ ಬಿಗಿದಿರಲಿಲ್ಲ.

ನಮ್ಮ ಜಿಲ್ಲೆಗಳಲ್ಲಿ ಬಿಸಿಲೂ ಇದೆ ಗಾಳಿಯೂ ಇದೆ, ನಾವೇ ಯಾಕೆ ಹೈಡ್ರೋಜನ್ ಮಾಡಬಾರದು ಎಂದು ಕೇಳುವವರಿಗೂ ಲೆಕ್ಕ ಕೊಡಬೇಕು. ಒಂದು ಮೆಗಾವ್ಯಾಟ್ ಸೋಲಾರ್ ದಿನಕ್ಕೆ ಸರಾಸರಿ 4,200 ಯೂನಿಟ್ ಕೊಟ್ಟಿತು ಎನ್ನಿ. ನೀರು ಒಡೆಯಲು, ಒತ್ತಲು, ತಂಪಾಗಿಸಲು ಕಿಲೋಗೆ 60 ಯೂನಿಟ್ ಹಿಡಿದರೆ 70 ಕಿಲೋ ಹೈಡ್ರೋಜನ್, ಕಾರುಗಳು ಒಟ್ಟು 7,000 ಕಿ.ಮೀ. ಓಡುತ್ತವೆ. ಅದೇ ಕರೆಂಟ್‌ನಿಂದ ಬ್ಯಾಟರಿ ಕಾರು ಚಾರ್ಜ್ ಮಾಡಿದರೆ 24,000 ಕಿ.ಮೀ. ಯೂನಿಟ್‌ಗೆ 7 ರೂಪಾಯಿ ಹಿಡಿದರೆ ಒಂದು ಕಿಲೋ ಹೈಡ್ರೋಜನ್‌ಗೆ ಕರೆಂಟ್ ಖರ್ಚೇ 420 ರೂಪಾಯಿ. ಯಂತ್ರದ ಬಡ್ಡಿ, ಸಾಗಣೆ, ಲಾಭ ಇನ್ನೂ ಸೇರಿಲ್ಲ. ನೀರಿನ ಚಿಂತೆ ಮಾತ್ರ ಅಷ್ಟು ಬೇಡ. ಸೋಸುವಾಗ ಪೋಲಾಗುವುದೂ ಸೇರಿ ಕಿಲೋಗೆ 20 ಲೀಟರ್ ಹಿಡಿದರೂ ಆ 70 ಕಿಲೋಗೆ 1,400 ಲೀಟರ್ ಸಾಕು. ಆದರೆ ನಮ್ಮ ಸವಳು ನೀರನ್ನು ಆರ್‌ಒ, ಆಮೇಲೆ ಡಿಅಯಾನೈಸರ್ ದಾಟಿಸದೆ ಎಲೆಕ್ಟ್ರೊಲೈಸರ್‌ಗೆ ಬಿಡುವಂತಿಲ್ಲ.

ಈ ಲೆಕ್ಕ ಕಾರಿನ ಮಟ್ಟಿಗೆ ಬ್ಯಾಟರಿಯ ಪರವಾಗಿಯೇ ಇದೆ, ಮತ್ತು ಅದು ಸದ್ಯಕ್ಕೆ ಬದಲಾಗುವ ಸೂಚನೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಶೆಲ್ ಕಂಪನಿ ಕಾರುಗಳಿಗಿದ್ದ ತನ್ನ ಹೈಡ್ರೋಜನ್ ಪಂಪುಗಳನ್ನು 2024ರಲ್ಲಿ ಮುಚ್ಚಿತು. ದಿನವಿಡೀ ಓಡುವ, ಭಾರ ಹೊರುವ, ಚಾರ್ಜಿಂಗ್‌ಗೆ ಗಂಟೆಗಟ್ಟಲೆ ನಿಲ್ಲಲಾಗದ ಲಾರಿ, ಬಸ್ಸಿಗೆ ಹೈಡ್ರೋಜನ್ ಒಪ್ಪಬಹುದು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ನಿಪ್ಪಾಣಿ, ಸಂಕೇಶ್ವರ, ಬೆಳಗಾವಿ ದಾಟಿ ಬೆಂಗಳೂರಿಗೆ ಹೋಗುವ ಲಾರಿಗಳಲ್ಲಿ ಅದು ನಮ್ಮ ಕಡೆ ಮೊದಲು ಕಾಣಿಸೀತು.

ನಿಮ್ಮ ಗ್ಯಾರೇಜ್‌ಗೆ ಮುಖ್ಯವಾದ ವಿಷಯ ಇನ್ನೊಂದಿದೆ. ಆ 37 ಗಾಡಿಗಳಲ್ಲಿ ಫ್ಯೂಯಲ್ ಸೆಲ್ ಇರುವುದು 15ಕ್ಕೆ ಮಾತ್ರ. ಉಳಿದ 22 ಗಾಡಿ ಹೈಡ್ರೋಜನ್ನನ್ನು ಮಾಮೂಲಿ ಎಂಜಿನ್‌ನಲ್ಲೇ ಸುಡುತ್ತವೆ. ಪಿಸ್ಟನ್, ವಾಲ್ವ್, ಕ್ರ್ಯಾಂಕ್ ಎಲ್ಲ ಇದ್ದದ್ದೇ. ಡೀಸೆಲ್ ಕೈಕೆಲಸ ವ್ಯರ್ಥವಾಗುವುದಿಲ್ಲ ಎಂದು ಮಗನಿಗೆ ಹೇಳಿ. ಈ ಎಂಜಿನ್ ಕಲಬೆರಕೆಯನ್ನೂ ಸ್ವಲ್ಪ ತಾಳಿಕೊಳ್ಳುತ್ತದೆ. ಅದರ ಕಾಟಗಳು ಬೇರೆ: ದಹನಕೋಣೆಯಲ್ಲಿ ಕಾದ ಕರಿ ಇದ್ದರೆ ಸ್ಪಾರ್ಕ್‌ಗೆ ಮೊದಲೇ ಹೊತ್ತಿಕೊಳ್ಳುತ್ತದೆ, ಹಾಗಾಗಿ ಬೇಗ ತಣಿಯುವ ಪ್ಲಗ್ ಬೇಕು. ನೀರಾವಿ ಇಳಿದು ಆಯಿಲ್ ಹಾಲಿನಂತಾಗುತ್ತದೆ. ಕ್ರ್ಯಾಂಕ್‌ಕೇಸ್‌ನಲ್ಲಿ ಹೈಡ್ರೋಜನ್ ಸೇರದಂತೆ ಗಾಳಿಯಾಡಬೇಕು. ಬಿಸಿ ದಹನವಾದ್ದರಿಂದ ನೈಟ್ರೋಜನ್ ಆಕ್ಸೈಡ್ ಹೊರಬರುತ್ತದೆ, ಅದನ್ನು ತಡೆಯುವ ಸಾಧನ ಬೇಕೇ ಬೇಕು.

ಗ್ಯಾರೇಜಿನ ಕಟ್ಟಡ ಕೂಡ ಒಮ್ಮೆ ತಲೆಯೆತ್ತಿ ನೋಡಿ. ಎಲ್‌ಪಿಜಿ ನೆಲಕ್ಕೆ ಇಳಿಯುತ್ತದೆ, ಹೈಡ್ರೋಜನ್ ಗಾಳಿಗಿಂತ 14 ಪಟ್ಟು ಹಗುರ, ನೇರ ಮೇಲಕ್ಕೆ ಹೋಗುತ್ತದೆ. ತಗಡಿನ ಶೆಡ್‌ನ ನೆತ್ತಿಯಲ್ಲಿ ಸಂದಿಲ್ಲದಿದ್ದರೆ ಅಲ್ಲೇ ಕೂರುತ್ತದೆ. ನಮ್ಮ ಟ್ಯೂಬ್‌ಲೈಟ್, ಫ್ಯಾನ್, ಹಳೆಯ ವೈರಿಂಗ್ ಇರುವುದೂ ಅಲ್ಲೇ. ಗಾಳಿಯಲ್ಲಿ ಶೇಕಡಾ 4ರಿಂದ 75ರವರೆಗೆ ಎಷ್ಟಿದ್ದರೂ ಹೈಡ್ರೋಜನ್ ಹೊತ್ತುತ್ತದೆ, ಕೈಗೆ ಚುರುಕೆನ್ನದಷ್ಟು ಸಣ್ಣ ಕಿಡಿಯೇ ಸಾಕು. ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದಿಲ್ಲ. ಸಂಶಯ ಬಂದರೆ ಬರಿಗೈಯಿಂದ ತಡವಬೇಡಿ. ಥರ್ಮಲ್ ಕ್ಯಾಮೆರಾ ಇಲ್ಲದ ಕಾಲದಲ್ಲಿ ಉದ್ದ ಕೋಲಿನ ಒಣ ಕಸಬರಿಗೆ ಮುಂದೆ ಹಿಡಿದು ನಡೆಯುತ್ತಿದ್ದರು. ಪೈಪ್ ಬಿಚ್ಚುವ ಮೊದಲೂ ಜೋಡಿಸಿದ ಮೇಲೂ ನೈಟ್ರೋಜನ್ ಹಾಯಿಸಬೇಕು, ಗಾಳಿಯಿಂದ ಊದಬಾರದು. ಸೋರಿಕೆ ನೋಡಲು ಸೋಪಿನ ನೀರು ಈಗಲೂ ಒಳ್ಳೆಯ ವಿಧಾನ, ಅದರ ಮೇಲೆ ಎಲೆಕ್ಟ್ರಾನಿಕ್ ಡಿಟೆಕ್ಟರ್.

ಈಗ ಮಗ ಮಾಡಬೇಕಾದದ್ದು. ಡಿಪ್ಲೊಮಾ ಮುಗಿದ ಕೂಡಲೇ ಎಲೆಕ್ಟ್ರಿಕ್ ಗಾಡಿಯ ಹೈವೋಲ್ಟೇಜ್ ತರಬೇತಿ ಹಿಡಿಯಲಿ. ಸ್ಟ್ಯಾಕ್‌ನಿಂದಾಚೆಗಿನ ಅಷ್ಟೂ ಭಾಗಕ್ಕೆ ಅದೇ ವಿದ್ಯೆ, ಮತ್ತು ಬ್ಯಾಟರಿ ಗಾಡಿಗಳು ಇವತ್ತೇ ನಿಮ್ಮ ಬಾಗಿಲಿಗೆ ಬರುತ್ತಿವೆ. 1,000 ವೋಲ್ಟ್ ತಡೆಯುವ ರಬ್ಬರ್ ಗ್ಲೌಸ್, ಅದರ ಮೇಲೆ ತೊಗಲಿನದು, ಕ್ಯಾಟ್-3 ದರ್ಜೆಯ 1,000 ವೋಲ್ಟ್ ಮಲ್ಟಿಮೀಟರ್, ಇನ್ಸುಲೇಷನ್ ಟೆಸ್ಟರ್, ಕೂಲಂಟ್ ವಾಹಕತೆ ಅಳೆಯುವ ಮೀಟರ್, ಸರಿಯಾಗಿ ಕ್ಯಾಲಿಬ್ರೇಟ್ ಮಾಡಿಸಿದ ಟಾರ್ಕ್ ರೆಂಚ್. ಸರ್ವಿಸ್ ಪ್ಲಗ್ ಕಿತ್ತ ಮೇಲೆ ಕಂಪನಿ ಹೇಳಿದಷ್ಟು ನಿಮಿಷ ಕಾದು, ವೋಲ್ಟೇಜ್ ಸೊನ್ನೆ ಎಂದು ಅಳೆದು ನೋಡಿ, ಆಮೇಲೆ ಕೈ ಹಾಕುವ ಅಭ್ಯಾಸ ಈಗಿನಿಂದಲೇ ಆಗಲಿ. ಗ್ಯಾಸ್ ಕಡೆಗೆ ಆಸಕ್ತಿ ಇದ್ದರೆ 316ಎಲ್ ಸ್ಟೀಲ್ ಟ್ಯೂಬ್ ಬಗ್ಗಿಸುವುದು, ಎರಡು ಫೆರೂಲ್ (ಟ್ಯೂಬನ್ನು ಬಿಗಿಹಿಡಿಯುವ ಉಂಗುರ) ಇರುವ ಫಿಟ್ಟಿಂಗ್ ಕೂರಿಸುವುದು ಕಲಿಯಬಹುದು. ಬೆಳಗಾವಿಯ ಉದ್ಯಮಬಾಗ್‌ನ ಹೈಡ್ರಾಲಿಕ್ ಮತ್ತು ಮಶೀನಿಂಗ್ ಘಟಕಗಳಲ್ಲಿ ಅಧಿಕ ಒತ್ತಡದ ವಾಲ್ವ್, ಮ್ಯಾನಿಫೋಲ್ಡ್ ಕೆಲಸ ಬಲ್ಲ ಕೈಗಳಿವೆ. ನಿಮ್ಮ ಜಿಲ್ಲೆಯಲ್ಲೇ ಕೂಡಗಿ ಎನ್‌ಟಿಪಿಸಿಯ 800 ಮೆಗಾವ್ಯಾಟ್ ಘಟಕಗಳಿವೆ, ಅಂಥ ದೊಡ್ಡ ಜನರೇಟರ್‌ಗಳನ್ನು ಒಳಗಿನಿಂದ ತಂಪಾಗಿಡುವುದು ಹೈಡ್ರೋಜನ್ನೇ. ಅಪ್ರೆಂಟಿಸ್ ಆಗಿ ಅಲ್ಲಿ ಅಥವಾ ಅಂಥ ಕಡೆ ಅವಕಾಶ ಸಿಕ್ಕರೆ ಆ ಗ್ಯಾಸ್ ಜೊತೆ ಹೇಗೆ ನಡೆದುಕೊಳ್ಳಬೇಕೆಂದು ಕಾರು ಬರುವ ಮೊದಲೇ ಕಲಿತಿರುತ್ತಾನೆ. ಶೆಡ್‌ನ ನೆತ್ತಿಗೆ ಗಾಳಿಕಿಂಡಿ ಮಾಡಿಸುವುದನ್ನು ಮಾತ್ರ ಮುಂದೂಡಬೇಡಿ, ಸಿಎನ್‌ಜಿಯೂ ಗಾಳಿಗಿಂತ ಹಗುರ, ಆ ಕೆಲಸ ಇವತ್ತಿಗೇ ಬೇಕಾದದ್ದು.